ನೂರಕ್ಕೆ ನಾಲ್ಕು

ನನ್ನ ಗಂಡ ದೆಮೆತ್ರಿಯೊ ಮಲಾರ ಒಂದು ಕಾಗದದಲ್ಲಿ ಒಂದು ಪದ ಹೆಚ್ಚು ಬರೆದ. ಆ ಪದವನ್ನು ವಾಪಸು ತೆಗೆದುಕೊಳ್ಳಲು ಹತ್ತೊಂಬತ್ತು ವರ್ಷ ಒದ್ದಾಡಿದ. ತೆಗೆದುಕೊಳ್ಳದೆಯೇ ಕಳೆದ ನವೆಂಬರಿನಲ್ಲಿ ಸತ್ತ. ಸತ್ತಾಗ ಕಾಲಲ್ಲಿ ಬೂಟು ಇತ್ತು.

ಪ್ರಯೋಗಾಲಯದವರು ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಿಸಿದರು. 'ಶಾಂತ ಸ್ವಭಾವದ ವಿಜ್ಞಾನಿ' ಎಂದು ಬರೆಸಿದ್ದರು. ಮೂವತ್ತೆಂಟು ವರ್ಷ ಅವನ ಪಕ್ಕದಲ್ಲಿ ಮಲಗಿದವಳು ನಾನು. ನಿದ್ದೆಯಲ್ಲೂ ಅವನ ಕಾಲು ನಡೆಯುತ್ತಿದ್ದವು. ಸೂಪು ಮುಗಿಯುವವರೆಗೆ ಒಂದು ದಿನವೂ ಕುರ್ಚಿಯಲ್ಲಿ ಕೂತವನಲ್ಲ. ಎರಡು ಚಮಚ ಕುಡಿದು ಬಾಲ್ಕನಿಗೆ ಹೋಗುತ್ತಿದ್ದ, ಬಂದು ಇನ್ನೆರಡು ಚಮಚ. ಆ ನಾಲ್ಕು ಸಾಲು ಓದಿದ ಮೇಲೆ ನನಗೂ ಕೂರಲಾಗುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅವನ ಕೆಲಸ ಎಣ್ಣೆ ನೋಡುವುದು. ಅಡುಗೆಯ ಎಣ್ಣೆಯಲ್ಲ, ಗಿಡದ ಹೂವು, ಎಲೆ, ಸಿಪ್ಪೆಗಳಿಂದ ತೆಗೆಯುವ ಸುಗಂಧದ ಎಣ್ಣೆ. ನಮ್ಮ ಕಡೆ ಎಂದರೆ ಬೆರ್ಗಮೊಟ್, ನಿಂಬೆ ಕಿತ್ತಳೆಗಳ ಜಾತಿಯದು. ನಮ್ಮ ರೆಜ್ಜೊ ಪೇಟೆಯಿಂದ ಸಮುದ್ರದ ಪಕ್ಕಕ್ಕೇ ಕೆಳಗೆ ಹೋದರೆ ಉದ್ದಕ್ಕೂ ಅದೇ ಮರ. ಹಣ್ಣು ತಿನ್ನಲು ಬಾರದು, ಸಿಪ್ಪೆಯಲ್ಲೇ ಅದರ ಜೀವ. ಅತ್ತರು ಮಾಡುವ ಪರದೇಶದವರು ಆ ಎಣ್ಣೆ ಕೊಳ್ಳುವ ಮೊದಲು ಒಂದು ಸಣ್ಣ ಬಾಟಲಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿತ್ತು. ಶುದ್ಧವೋ ಬೆರಕೆಯೋ ಎಂದು ದೆಮೆತ್ರಿಯೊ ಹೇಳಬೇಕು. ನಾನು ಅಲ್ಲಿ ಗಾಜು ತೊಳೆಯುತ್ತಿದ್ದೆ. ಹಾಗೆ ಪರಿಚಯ, ಹಾಗೆಯೇ ಮದುವೆ.

ಅವನು ಪೇಟೆಯವನು, ಟ್ರಾಮ್ ಕಂಡಕ್ಟರನ ಮಗ. ನಾನು ಅಮೆಂದೊಲೆಯಾ ಹೊಳೆಯ ಕಡೆಯವಳು, ಸ್ಪಂಜಿನಲ್ಲಿ ಎಣ್ಣೆ ತೆಗೆಯುತ್ತಿದ್ದವನ ಮಗಳು. ಓದಿದವರನ್ನೆಲ್ಲ ನಮ್ಮಲ್ಲಿ ಡಾಕ್ಟ್ರೇ ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಅವ್ವ ಅವನಿಗೆ ತನ್ನ ಮೊಣಕಾಲು ತೋರಿಸಿದಳು. ತಾನು ಆ ಡಾಕ್ಟ್ರಲ್ಲ ಎಂದು ಹೇಳಲು ನಾಚಿ ಬೆರ್ಗಮೊಟ್ ಎಣ್ಣೆ ತಿಕ್ಕಿಕೊಳ್ಳಿ ಎಂದ. ಆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು. ಅದನ್ನು ಹೇಳುವುದು ಬಿಟ್ಟ. ಅವ್ವನ ಮೊಣಕಾಲು ಒಂದು ವರ್ಷ ಕಪ್ಪಗೆ ಇತ್ತು. ಅವನು ಹಾಗೇ. ಬಾಯಿ ಮುಂದೆ, ನೆನಪು ಹಿಂದೆ.

ಅವನ ಯಂತ್ರಕ್ಕೆ ಸೂಜಿಯಲ್ಲಿ ಒಂದು ಹನಿ ಎಣ್ಣೆ ಕೊಟ್ಟರೆ ಅದು ಕಾಗದದ ಮೇಲೆ ಗುಡ್ಡಗಳ ಸಾಲು ಬರೆಯುತ್ತಿತ್ತು. ಒಂದೊಂದು ಗುಡ್ಡ ಎಣ್ಣೆಯೊಳಗಿನ ಒಂದೊಂದು ವಸ್ತು. ಎಂಬತ್ತೊಂಬತ್ತರಲ್ಲಿ ಆ ಯಂತ್ರಕ್ಕೆ ಹೊಸ ನಳಿಗೆ ಬಂತು. ಕೂದಲಷ್ಟು ಸಣ್ಣದು, ಸುತ್ತಿ ಇಟ್ಟದ್ದನ್ನು ಬಿಚ್ಚಿದರೆ ನಮ್ಮ ಬೀದಿಯ ಉದ್ದ. ಅದು ಬಂದ ದಿನ ಅವನು ಮನೆಗೆ ಬಂದು ನನ್ನ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಎರಡನ್ನೂ ಮೇಜಿನ ಮೇಲೆ ಇಟ್ಟ.

"ನೋಡು ನಾತಾ, ಎರಡೂ ಒಂದೇ ರಬ್ಬರು, ಒಂದೇ ತೂಕ. ಆದ್ರೆ ಎಡಗೈದು ಬಲಗೈಗೆ ಹೋಗಲ್ಲ. ಎಣ್ಣೆಯೊಳಗೂ ಹಿಂಗೇ ಎಡ ಬಲ ಇದೆ. ಬೆರ್ಗಮೊಟ್ ಎಡಗೈಯವಳು. ಬಲಗೈದು ಕಂಡ್ರೆ ಯಾರೋ ಬೇರೆಯವರು ಒಳಗೆ ಬಂದಿದಾರೆ ಅಂತ. ಇಷ್ಟು ದಿನ ನಂಗೆ ಕಾಣ್ತಿರ್ಲಿಲ್ಲ. ಈಗ ಕಾಣತ್ತೆ."

ನನ್ನ ಕೈಗವಸು ನಂಗೆ ಕೊಡು, ಪಾತ್ರೆ ಕಾಯ್ತಿದೆ ಎಂದೆ. ಅವನು ಆ ರಾತ್ರಿ ಮಲಗಲಿಲ್ಲ.

ತೊಂಬತ್ತೊಂದರ ಫೆಬ್ರವರಿಯಲ್ಲಿ ಲೆಯೊ ನುಚೆರಾ ಎಂಬವನ ಬಾಟಲಿ ಬಂತು. ನನ್ನ ತವರಿನ ಕೆಳಗಿನ ಊರಿನವನು, ಊರಿಗೆಲ್ಲ ಮಾವ. ಎಪ್ಪತ್ತು ಮರದ ಸಣ್ಣ ತೋಟ, ಸಿಪ್ಪೆ ಹೆರೆಯುವ ಸ್ವಂತ ಯಂತ್ರ, ಐದು ಹೆಣ್ಣುಮಕ್ಕಳು. ಆ ಕಡೆಯವರು ಅವನ ಎಣ್ಣೆಯನ್ನು ಮೂಸಿ ತಮ್ಮದನ್ನು ಅಳೆಯುತ್ತಿದ್ದರು. ಅಂಥವನ ಎಣ್ಣೆಯಲ್ಲಿ ಬಲಗೈ ಕಂಡಿತು. ನೂರಕ್ಕೆ ನಾಲ್ಕು ಪಾಲು ಕಹಿ ಕಿತ್ತಳೆಯ ಎಣ್ಣೆ. ಅಗ್ಗದ ಎಣ್ಣೆ ಅದು, ಬೆರೆಸುವವರು ಅದನ್ನೇ ಬೆರೆಸುವುದು.

ನಿಯಮದಂತೆ ಲೆಯೊ ಮಾವನನ್ನು ಕರೆಸಿದರು. ನಾನು ಬಾಗಿಲ ಪಕ್ಕದ ತೊಟ್ಟಿಯಲ್ಲಿ ಗಾಜು ತೊಳೆಯುತ್ತಿದ್ದೆ. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಿಮ್ಮ ತೋಟದಲ್ಲಿ ಬೇರೆ ಜಾತಿಯ ಮರ ಇದೆಯೇ ಎಂದು ದೆಮೆತ್ರಿಯೊ ಕೇಳಿದ. ಬೆರ್ಗಮೊಟ್ ಬಿಟ್ಟರೆ ಒಂದು ಕಡ್ಡಿಯೂ ಇಲ್ಲ ಎಂದು ಲೆಯೊ ಮಾವ ಐದು ಮಕ್ಕಳ ಮೇಲೆ ಆಣೆ ಹಾಕಿದ. ಆಣೆ ಹಾಕಿದ್ದಕ್ಕೇ ದೆಮೆತ್ರಿಯೊಗೆ ಸಿಟ್ಟು ಬಂತು. ಯಂತ್ರ ಕಣ್ಣೆದುರಿಗೆ ಹೇಳುತ್ತಿದೆ, ಈ ಮನುಷ್ಯ ಮಕ್ಕಳನ್ನು ಮುಂದಿಟ್ಟು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡ. ವರದಿಯ ಹಾಳೆಯಲ್ಲಿ ಅಂಕಿ ಬರೆದ. ಕೆಳಗೆ 'ಅಭಿಪ್ರಾಯ' ಎಂಬ ಜಾಗದಲ್ಲಿ 'ಕಲಬೆರಕೆ' ಎಂದು ಬರೆದರೆ ಸಾಕಿತ್ತು. 'ಉದ್ದೇಶಪೂರ್ವಕ ಕಲಬೆರಕೆ' ಎಂದು ಬರೆದು ಸಹಿ ಹಾಕಿದ.

ಆ ಪದ ಬೆಳೆಗಾರರ ಸಂಘದ ಗೋಡೆಗೆ ಅಂಟಿತು. ಎಣ್ಣೆಯ ಡಬ್ಬಿಗೆ ಮೊಹರು ಬಿತ್ತು. ಲೆಯೊ ಮಾವ ಸಂಜೆ ಕಾಫಿ ಅಂಗಡಿಗೆ ಹೋದಾಗ ಕ್ಷೌರಿಕ ಚಿಚ್ಚೊ, "ಮಾವನಿಗೆ ಒಂದು ಕಾಫಿ ಕೊಡ್ರಪ್ಪಾ, ನೂರಕ್ಕೆ ನಾಲ್ಕು ಬಾರ್ಲಿ ಬೆರೆಸಿ," ಎಂದನಂತೆ. ಹುರಿದ ಬಾರ್ಲಿ ನಮ್ಮಲ್ಲಿ ಬಡವರ ಕಾಫಿ. ಅಂಗಡಿ ತುಂಬ ನಕ್ಕರಂತೆ. ಮಾವ ಕಾಫಿ ಮುಟ್ಟದೆ ಮನೆಗೆ ಬಂದ. ಆಮೇಲೆ ಆ ಅಂಗಡಿಗೆ ಹೋಗಲಿಲ್ಲ. ಭಾನುವಾರ ಚರ್ಚಿನ ಪೂಜೆಗೂ ಹೋಗಲಿಲ್ಲ, ತೋಟದ ಬಾಗಿಲು ದಾಟಲಿಲ್ಲ.

ಇದೆಲ್ಲ ತವರಿನಲ್ಲಿರುವ ಅಣ್ಣನಿಂದ ನನಗೆ ಗೊತ್ತಾಯಿತು, ನನ್ನಿಂದ ದೆಮೆತ್ರಿಯೊಗೆ. ಅವನನ್ನು ತಿನ್ನುತ್ತಿದ್ದದ್ದು ಬೇರೆ.

"ನಾಲ್ಕು ಯಾಕೆ?" ಎನ್ನುತ್ತಿದ್ದ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ. "ಕಳ್ಳ ಆದವನು ಇಪ್ಪತ್ತು ಹಾಕ್ತಾನೆ, ಮೂವತ್ತು ಹಾಕ್ತಾನೆ. ನಾಲ್ಕು ಹಾಕಿದ್ರೆ ಏನು ಸಿಗತ್ತೆ ಅವನಿಗೆ? ನಾಲ್ಕಕ್ಕೋಸ್ಕರ ಯಾರಾದ್ರೂ ಮರ್ಯಾದೆ ಕಳ್ಕೋತಾರಾ?"

ಬರೆಯುವ ಮುಂಚೆ ಕೇಳಬೇಕಿತ್ತು ಈ ಪ್ರಶ್ನೆ ಎಂದೆ. ಬಾಲ್ಕನಿಗೆ ಹೋದ.

ಮರುವರ್ಷ ಏಪ್ರಿಲಿನಲ್ಲಿ ಅಣ್ಣನ ಮಗಳ ಮದುವೆ. ಬೆಳಿಗ್ಗೆ ಹುಡುಗಿಯರು ತೋಟದ ಮೂಲೆಯ ಮರಕ್ಕೆ ಏಣಿ ಹಾಕಿ ಮುಡಿಗೆ ಹೂವು ಕತ್ತರಿಸುತ್ತಿದ್ದರು. ದೆಮೆತ್ರಿಯೊ ಬಾದಾಮಿ ತಟ್ಟೆ ಹಿಡಿದುಕೊಂಡು ಅಲ್ಲಿ ತಿರುಗುತ್ತಿದ್ದ. ಎಲೆಯೊಂದನ್ನು ಹಿಸುಕಿ ಮೂಸಿದ.

"ಇದು ಬೆರ್ಗಮೊಟ್ ಅಲ್ಲ."

"ಅಲ್ಲ. ಇವಳ ಮರ ಅದು," ಎಂದೆ.

"ಇವಳ ಮರ ಅಂದ್ರೆ?"

"ಹುಡುಗಿ ಮರ ಕಣೋ. ಹೆಣ್ಣು ಹುಟ್ಟಿದಾಗ ಒಂದು ಗಿಡಕ್ಕೆ ಕಸಿ ಕಟ್ಟದೆ ಬಿಡ್ತೀವಿ. ಮದುವೆ ಹೂವಿಗೆ."

ಬೆರ್ಗಮೊಟ್ ತನ್ನ ಬೇರಿನ ಮೇಲೆ ನಿಲ್ಲುವುದಿಲ್ಲ. ಕಹಿ ಕಿತ್ತಳೆಯ ಸಸಿ ನೆಟ್ಟು ಅದಕ್ಕೆ ಬೆರ್ಗಮೊಟ್ ಕಸಿ ಕಟ್ಟುತ್ತಾರೆ. ಕಟ್ಟದೆ ಬಿಟ್ಟರೆ ಕಹಿ ಕಿತ್ತಳೆಯೇ ಬೆಳೆಯುತ್ತದೆ. ಇದು ದೆಮೆತ್ರಿಯೊಗೆ ನನಗಿಂತ ಚೆನ್ನಾಗಿ ಗೊತ್ತು, ಪುಸ್ತಕದಿಂದ. ಮರದಿಂದ ಗೊತ್ತಿರಲಿಲ್ಲ. ತಟ್ಟೆ ಕೆಳಗಿಟ್ಟ.

"ನಿಂಗೂ ಇತ್ತಾ?"

"ಎಲ್ಲರಿಗೂ ಇರತ್ತೆ. ನಮ್ಮ ಮದುವೇಲಿ ನಿನ್ನ ಕೋಟಿಗೆ ಸಿಕ್ಕಿಸಿದ ಹೂವು ಇನ್ನೆಲ್ಲಿಂದ ಬಂತು?"

"ಇಪ್ಪತ್ತು ವರ್ಷದಲ್ಲಿ ಒಂದು ಸಲ ಹೇಳ್ಲಿಲ್ಲ ನೀನು."

"ನೀನು ಯಾವತ್ತು ಕೇಳ್ದೆ?"

ಹೆಣ್ಣುಮಕ್ಕಳ ಮರ ತೋಟದ ಲೆಕ್ಕಕ್ಕೆ ಸೇರುವುದಿಲ್ಲ. ತೋಟದಲ್ಲಿ ಎಷ್ಟು ಮರ ಎಂದರೆ ಅಪ್ಪಂದಿರು ಅದನ್ನು ಬಿಟ್ಟೇ ಎಣಿಸುತ್ತಾರೆ. ಅದು ಮಗಳದು, ತೋಟದ್ದಲ್ಲ. ಲೆಯೊ ಮಾವ ಆಣೆ ಹಾಕಿದಾಗ ಸುಳ್ಳು ಹೇಳಿರಲಿಲ್ಲ. ಅವನ ಕಣ್ಣಿಗೆ ಆ ಐದು ಮರ ಮರಗಳೇ ಅಲ್ಲ.

ಉಳಿದದ್ದು ಆ ದಿನವೇ ತಿಳಿಯಿತು. ತೊಂಬತ್ತರ ನವೆಂಬರಿನಲ್ಲಿ ಲೆಯೊ ಮಾವ ಹೊಟ್ಟೆಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದ. ಕೊಯ್ಲು ನೋಡಿಕೊಂಡವರು ಪೇಟೆಯ ಅಳಿಯಂದಿರು. ಕೊಯ್ದವರು ಮಲೆಯ ಮೇಲಿನ ಕೂಲಿಗಳು. ನವೆಂಬರಿನಲ್ಲಿ ಎರಡು ಹಣ್ಣೂ ಹಸಿರು. ಬೆರ್ಗಮೊಟ್ಟಿನ ತುದಿಯಲ್ಲಿ ಸಣ್ಣ ಮೊನೆ ಇರುತ್ತದೆ, ಕಹಿ ಕಿತ್ತಳೆಗೆ ಇರುವುದಿಲ್ಲ, ಅಷ್ಟೇ ಗುರುತು. ಅದನ್ನು ನೋಡಲು ಬೆಳೆದವನ ಕಣ್ಣು ಬೇಕು. ಎಲ್ಲವೂ ಒಂದೇ ಚೀಲಕ್ಕೆ ಬಿತ್ತು.

ದೆಮೆತ್ರಿಯೊ ಮದುವೆಯ ಊಟಕ್ಕೂ ನಿಲ್ಲಲಿಲ್ಲ. ಹೊಸ ಬೂಟಿನಲ್ಲಿ ಕೆಳಗಿನ ಊರಿಗೆ ಓಡಿದ. ಸಂತೋಷದ ಸುದ್ದಿ ಒಯ್ಯುತ್ತಿದ್ದೇನೆ ಎಂದುಕೊಂಡಿದ್ದ. ನಾನು ಹಿಂದೆ ಓಡಿದೆ, ನಾನೇ ಹೇಳ್ತೀನಿ, ಹೆಂಗಸರ ಬಾಯಲ್ಲಿ ಹೋಗಲಿ ಎಂದು ಕೂಗಿದೆ. ಕೇಳಿಸಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ನಿಂತು ಎಲ್ಲ ಹೇಳಿಬಿಟ್ಟಿದ್ದ. ತಪ್ಪು ನಿಮ್ಮದಲ್ಲ, ನಿಮ್ಮ ಹೆಣ್ಣುಮಕ್ಕಳ ಮರಗಳದ್ದು ಎಂದುಬಿಟ್ಟಿದ್ದ.

ಲೆಯೊ ಮಾವ ಕೊಟ್ಟಿಗೆಗೆ ಹೋಗಿ ಗರಗಸ ತಂದ. ನಾಲ್ಕು ಮರ ಉರುಳಿದವು. ಮೈತುಂಬ ಹೂವಿದ್ದವು. ವಾಸನೆಗೆ ಉಸಿರು ಕಟ್ಟಿತು. ಐದನೆಯದಕ್ಕೆ ಕಿರಿಯವಳು ಸಾಂತಿನಾ ಬೆನ್ನು ಕೊಟ್ಟು ನಿಂತಳು. ಅವಳಿಗೆ ಆಗ ಹತ್ತೊಂಬತ್ತು. ಅವಳೊಬ್ಬಳೇ ಮದುವೆಯಾಗದೆ ಉಳಿದವಳು.

"ಇದು ನಂದು ಅಪ್ಪ. ನನ್ನ ಕೇಳಿ ಕಡಿ."

ಮಾವ ಗರಗಸ ಅಲ್ಲೇ ಬಿಟ್ಟು ಒಳಗೆ ಹೋದ. ಹೋಗುವಾಗ ದೆಮೆತ್ರಿಯೊ ಕಡೆ ತಿರುಗಿ ಒಂದೇ ಮಾತು ಹೇಳಿದ. "ನೀವು ಬರೆದು ಹೇಳಿದ್ರಿ ಡಾಕ್ಟ್ರೇ. ಬರೆದೇ ವಾಪಸು ತಗೊಳ್ಳಿ. ಬಾಯಲ್ಲಿ ಬೇಡ."

ದೆಮೆತ್ರಿಯೊ ಮಾರನೆಯ ದಿನವೇ ನಿರ್ದೇಶಕರ ಬಾಗಿಲು ತಟ್ಟಿದ. ಅವರು ತಲೆ ಎತ್ತದೆ ಕೇಳಿದರಂತೆ: ಎಣ್ಣೆಯಲ್ಲಿ ಕಹಿ ಕಿತ್ತಳೆ ಇತ್ತೋ ಇಲ್ಲವೋ? ಇತ್ತು. ಮತ್ತೆ ವರದಿ ಸರಿ ಇದೆ. ಒಂದು ವರದಿ ವಾಪಸು ತೆಗೆದುಕೊಂಡರೆ ನಾಳೆ ನೂರು ಜನ ಬಾಗಿಲಲ್ಲಿ ನಿಲ್ಲುತ್ತಾರೆ. ಕೂಲಿಯವರ ತಪ್ಪು ಎನ್ನುವುದಕ್ಕೆ ಸಾಕ್ಷಿ ತಾ, ನೋಡೋಣ. ಮದುವೆಯ ಹೂವಿನ ಕಥೆ ಬೇಡ, ಅಂಕಿ ತಾ.

ಅಂಕಿ ಹುಡುಕುವುದು ಶುರುವಾಯಿತು. ಅವನ ತಲೆ ಹೋದ ದಾರಿ ಇದು. ಬೆರೆಸಲೆಂದು ಕಹಿ ಕಿತ್ತಳೆಯ ಎಣ್ಣೆ ಕೊಳ್ಳುವವನಿಗೆ ಮಾಗಿದ ಹಣ್ಣಿನ ಎಣ್ಣೆ ಸಿಗುತ್ತದೆ. ಹಸಿರು ಕಾಯಿಯ ಎಣ್ಣೆ ಯಾರೂ ತೆಗೆಯುವುದಿಲ್ಲ, ಯಾರೂ ಮಾರುವುದಿಲ್ಲ. ಎರಡರ ಗುಡ್ಡಗಳು ಬೇರೆ ಬೇರೆ. ಲೆಯೊ ಮಾವನ ಎಣ್ಣೆಯಲ್ಲಿದ್ದ ನಾಲ್ಕು ಪಾಲು ಹಸಿರು ಕಾಯಿಯದು ಎಂದು ತೋರಿಸಿದರೆ, ಅದು ಕೊಂಡು ಬೆರೆಸಿದ್ದಲ್ಲ, ಮರದಿಂದಲೇ ಚೀಲಕ್ಕೆ ಬಿದ್ದದ್ದು ಎಂದು ಸಾಬೀತಾಗುತ್ತದೆ. ಮಾವನ ಹಳೆಯ ಎಣ್ಣೆ ಮೂರು ಬೆರಳಷ್ಟು ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಗಾಜಿನೊಳಗೆ ಮುಚ್ಚಿ ಇತ್ತು. ಹೋಲಿಸಲು ಅದೇ ತೋಟದ ಹಸಿರು ಕಾಯಿ ಬೇಕು. ನನ್ನ ಅಣ್ಣನ ತೋಟದ್ದು ಆಗದೇ ಎಂದೆ. ಬೇರೆ ತೋಟದ ಮರ ಈ ತೋಟದ ಸಾಕ್ಷಿ ಹೇಳಲ್ಲ ಎಂದ.

ಹಾಗಾಗಿ ಪ್ರತಿ ನವೆಂಬರಿನಲ್ಲಿ ಒಂದು ದಿನ ಬಸ್ಸು ಹಿಡಿದು ಹೋಗಿ ಲೆಯೊ ಮಾವನ ಗೇಟಿನ ಮುಂದೆ ನಿಲ್ಲುತ್ತಿದ್ದ. ಗಂಟೆ ಬಾರಿಸುತ್ತಿರಲಿಲ್ಲ. ಮಳೆ ಇದ್ದರೂ ನಿಲ್ಲುತ್ತಿದ್ದ. ದಾರಿಯಲ್ಲಿ ಹೋಗುವವರು, ಡಾಕ್ಟ್ರೇ, ಕೆಲಸಕ್ಕೆ ಸೇರ್ಕೊಂಡ್ರಾ ಇಲ್ಲಿ, ಕಾವಲಿಗೆ ನಾಯಿ ಸಾಕಲ್ವಾ ಎಂದು ಕೇಳುತ್ತಿದ್ದರು. ಮಾವ ಹೊರಗೆ ಬರುತ್ತಿರಲಿಲ್ಲ. ಒಂದು ಗಂಟೆಯೋ ಎರಡು ಗಂಟೆಯೋ ಆದ ಮೇಲೆ ಸಾಂತಿನಾ ಬಂದು ಒಂದು ಬಲೆಚೀಲ ಕೊಡುತ್ತಿದ್ದಳು. ಒಳಗೆ ಅವಳ ಮರದ ಹಸಿರು ಕಾಯಿಗಳು, ಒಂದೇ ಗಾತ್ರದವು, ಮೂಗೇಟಿಲ್ಲದವು.

ಎಣ್ಣೆ ತೆಗೆದದ್ದು ನಾನು. ಪ್ರಯೋಗಾಲಯದಲ್ಲಿ ಕೈಯಿಂದ ತೆಗೆಯಲು ಯಾರಿಗೂ ಬರುತ್ತಿರಲಿಲ್ಲ. ಅಪ್ಪನ ಸ್ಪಂಜು, ಅಪ್ಪನ ಮಣ್ಣಿನ ಬಟ್ಟಲು ನನ್ನ ಹತ್ತಿರ ಇದ್ದವು. ಎಪ್ಪತ್ತು ಬೆರ್ಗಮೊಟ್ಟಿಗೆ ಐದು ಕಹಿ ಕಿತ್ತಳೆ, ಲೆಯೊ ಮಾವನ ತೋಟದ ಲೆಕ್ಕದಲ್ಲೇ. ಕಹಿ ಕಿತ್ತಳೆಗೆ ಎಣ್ಣೆ ಕಡಿಮೆ, ಪಾಲು ನಾಲ್ಕಕ್ಕೇ ಬರುತ್ತಿತ್ತು. ಹಣ್ಣು ಹೋಳು ಮಾಡಿ, ತಿರುಳು ತೆಗೆದು, ಸಿಪ್ಪೆಯನ್ನು ಸ್ಪಂಜಿಗೆ ಒತ್ತಿ ತಿರುಗಿಸಬೇಕು. ಸ್ಪಂಜು ತುಂಬಿದಾಗ ಬಟ್ಟಲಿಗೆ ಹಿಂಡಬೇಕು. ಮೇಲೆ ತೇಲುವುದು ಎಣ್ಣೆ, ಕೆಳಗಿನದು ನೀರು. ನಾನು ಹಿಂಡುತ್ತಿದ್ದರೆ ಅವನು ಅಡುಗೆಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. ಜೋರಾಗಿ ಒತ್ತಬೇಡ, ಬಿಳಿ ಭಾಗ ಬರತ್ತೆ ಎನ್ನುತ್ತಿದ್ದ. ಸ್ಪಂಜು ಹಿಂಡುವವನ ಮಗಳಿಗೆ ಹಿಂಡುವುದು ಕಲಿಸ್ತೀಯಾ, ಹೋಗಿ ಬಾಲ್ಕನೀಲಿ ನಡಿ ಎನ್ನುತ್ತಿದ್ದೆ.

ತೊಂಬತ್ತೊಂಬತ್ತರಲ್ಲಿ ಅವನು ನಿವೃತ್ತನಾದ. ಹೊಸದಾಗಿ ಬಂದ ನಿರ್ದೇಶಕಿ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಅಂಕಿಗಳನ್ನು ನೋಡಿದಳು. ಖಾಲಿ ವರದಿ ಹಾಳೆ ಕೊಟ್ಟು, ನೀವೇ ಬರೆದು ಸಹಿ ಹಾಕಿ ತನ್ನಿ ಮಲಾರ ಅವರೇ, ನಾನು ಮೊಹರು ಹಾಕ್ತೀನಿ ಎಂದಳು. ವರ್ಷಕ್ಕೊಂದು ದಿನ ಯಂತ್ರವನ್ನೂ ಬಿಟ್ಟುಕೊಟ್ಟಳು.

ಅಲ್ಲಿಗೆ ಮುಗಿಯಬೇಕಿತ್ತು. ಹಾಳೆಯಲ್ಲಿ ಅಂಕಿ ತುಂಬಿದ. ಅಭಿಪ್ರಾಯದ ಜಾಗದಲ್ಲಿ 'ಮರದಿಂದ ಬಂದ ಆಕಸ್ಮಿಕ ಮಿಶ್ರಣ. ಉದ್ದೇಶಪೂರ್ವಕವಲ್ಲ' ಎಂದು ಬರೆದ. ಪೆನ್ನು ಮುಚ್ಚಿದ. ಸಹಿ ಹಾಕಲಿಲ್ಲ.

"ಯಾಕೆ?" ಎಂದೆ.

"ಈ ವರ್ಷ ಮಳೆ ಜಾಸ್ತಿ. ಇನ್ನೊಂದು ಕೊಯ್ಲು ನೋಡ್ತೀನಿ."

ಮರುವರ್ಷ ಬಿಸಿಗಾಳಿ ಜಾಸ್ತಿ. ಅದರ ಮರುವರ್ಷ ಒಂದು ಗುಡ್ಡ ಸ್ವಲ್ಪ ತಗ್ಗಿತ್ತು. ವರ್ಷಕ್ಕೊಂದು ಹಾಳೆ ತುಂಬಿಸಿದ. ಡ್ರಾಯರಿನಲ್ಲಿ ಇಟ್ಟ. ಒಂದಕ್ಕೂ ಸಹಿ ಇಲ್ಲ. ಮೊದಲು ಅವಸರದಲ್ಲಿ ಒಂದು ಪದ ಬರೆದ, ಆಮೇಲೆ ಅವಸರದಲ್ಲಿ ನಾಲ್ಕು ಮರ ಉರುಳಿಸಿದ. ಈಗ ತನ್ನ ಕೈಯನ್ನೇ ನಂಬುತ್ತಿರಲಿಲ್ಲ. ನಾನು ಕೂಗಾಡಿದೆ. ಮಾವನಿಗೆ ಎಂಬತ್ತು ದಾಟ್ತು, ಸತ್ತ ಮೇಲೆ ಗೋರಿಗೆ ಅಂಟಿಸ್ತೀಯಾ ಸಹಿಯನ್ನ ಎಂದೆ. ಮುದುಕ ಅಲ್ಲಿ ಗೇಟಿನೊಳಗೆ ಕೊಳೀತಿದಾನೆ, ನೀನು ಇಲ್ಲಿ ಮಳೆ ಎಣಿಸ್ತಿದೀಯಾ ಎಂದೆ.

"ಎರಡನೇ ಸಲ ತಪ್ಪು ಬರೆದ್ರೆ, ನಾತಾ? ಆಮೇಲೆ ಯಾರು ಸರಿ ಮಾಡ್ತಾರೆ?"

ಅದಕ್ಕೆ ಉತ್ತರ ಈಗ ಇದೆ. ತಪ್ಪಾದರೂ ಬರೆಯಬೇಕಿತ್ತು. ಈಗ ಹೇಳಿ ಏನು.

ಕಳೆದ ನವೆಂಬರ್ ಹದಿನಾರರಂದು ಗೇಟಿನಿಂದ ವಾಪಸು ಬಂದ. ಬಲೆಚೀಲವನ್ನು ಅಡುಗೆಮನೆಯ ಕಲ್ಲಿನ ಮೇಲಿಟ್ಟ. ಕುರ್ಚಿಯಲ್ಲಿ ಕೂತ. ನಾನು ಬೆನ್ನು ತಿರುಗಿಸಿ ಒಲೆ ನೋಡುತ್ತಿದ್ದೆ. ಸೂಪು ಕೊಟ್ಟು ಮತ್ತೆ ಒಲೆಯ ಕಡೆ ತಿರುಗಿದೆ. ಏಳಲಿಲ್ಲ, ಬಾಲ್ಕನಿಗೆ ಹೋಗಲಿಲ್ಲ. ಪರವಾಗಿಲ್ಲ, ಇವತ್ತು ಕೂತ ಎಂದುಕೊಂಡೆ. ತಿರುಗಿ ನೋಡಿದಾಗ ಗೊತ್ತಾಯಿತು.

ಒಂಬತ್ತು ದಿನ ಆದ ಮೇಲೆ ಆ ಕಾಯಿಗಳು ಕಲ್ಲಿನ ಮೇಲೆ ಹಾಗೇ ಇದ್ದವು. ಒಂದೆರಡು ಹಳದಿ ತಿರುಗಿದ್ದವು. ಕೊಳೆಯಲು ಬಿಡಲಾಗಲಿಲ್ಲ. ಅಣ್ಣನಿಂದ ಬೆರ್ಗಮೊಟ್ ತರಿಸಿ ಎಲ್ಲವನ್ನೂ ಹಿಂಡಿದೆ. ಗೋಡೆಯಿಂದ ಗೋಡೆಗೆ ನಡೆಯುವವನಿಲ್ಲದೆ ಅಡುಗೆಮನೆ ದೊಡ್ಡದಾಗಿತ್ತು. ಎಣ್ಣೆಯನ್ನು ಸಣ್ಣ ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟೆ. ಅದನ್ನು ನೋಡುವವರು ಯಾರು? ಡ್ರಾಯರ್ ತೆಗೆದೆ. ಹನ್ನೊಂದು ಹಾಳೆ.

ಜನವರಿಯಲ್ಲಿ ಬಸ್ಸು ಹಿಡಿದೆ. ಗೇಟಿನ ಮುಂದೆ ನಿಲ್ಲಲಿಲ್ಲ, ತಳ್ಳಿಕೊಂಡು ಒಳಗೆ ಹೋದೆ. ಕಡಿದ ನಾಲ್ಕು ಬುಡಗಳೂ ಚಿಗುರಿ ಆಳೆತ್ತರ ದಾಟಿದ್ದವು. ಕಹಿ ಕಿತ್ತಳೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಲೆಯೊ ಮಾವ ಅಡುಗೆಮನೆಯಲ್ಲಿ ಬೆಂಕಿಯ ಮುಂದೆ ಕೂತಿದ್ದ. ಎಂಬತ್ತೆಂಟು ವರ್ಷ, ಕಿವಿ ಚುರುಕು, ಕಾಲು ಈ ಚಳಿಗಾಲದಲ್ಲೇ ಸೋತಿದ್ದವು. ಸಾಂತಿನಾಳ ತಲೆಯಲ್ಲಿ ಬಿಳಿ ಬಂದಿತ್ತು. ಅವಳಿಗೆ ಮದುವೆ ಆಗಿರಲಿಲ್ಲ. ಕಾರಣ ಈ ಪದವೋ ಅಲ್ಲವೋ ನಾನು ಕೇಳಲಿಲ್ಲ.

ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಸಾಂತಿನಾ ಮೊದಲನೆಯದನ್ನು ಗಟ್ಟಿಯಾಗಿ ಓದಿದಳು. 'ಉದ್ದೇಶಪೂರ್ವಕವಲ್ಲ' ಎಂಬಲ್ಲಿಗೆ ಬಂದಾಗ ನಿಲ್ಲಿಸಿದಳು. ಮತ್ತೆ ಓದಿದಳು. ಹನ್ನೊಂದನ್ನೂ ಓದಿದಳು. ಅಂಕಿ ಬೇರೆ, ಪದ ಅದೇ.

"ಸಹಿ ಎಲ್ಲಿ?" ಎಂದ ಲೆಯೊ ಮಾವ.

"ಹಾಕ್ಲಿಲ್ಲ ಮಾವ. ಧೈರ್ಯ ಬರಲಿಲ್ಲ ಅವನಿಗೆ."

"ಬರೆದೇ ವಾಪಸು ತಗೋ ಅಂದಿದ್ದೆ."

"ಅಂದಿದ್ರಿ. ಬರೆದ. ಹನ್ನೊಂದು ಸಲ ಬರೆದ. ಸಹಿ ಹಾಕ್ಲಿಲ್ಲ. ನಾನು ಸುಳ್ಳು ಹೇಳೋಕೆ ಬಂದಿಲ್ಲ."

ಸಾಂತಿನಾ ಹಾಳೆಯೊಂದನ್ನು ಬೆಳಕಿಗೆ ಹಿಡಿದಿದ್ದಳು. ಇಲ್ಲಿ ಇನ್ನೊಂದು ಗೆರೆ ಇದೆ ಎಂದಳು. ತೋರಿಸಿದಳು. ಹಾಳೆಯ ಕೆಳಗೆ ಎರಡು ಗೆರೆ ಇದ್ದವು. 'ಪರೀಕ್ಷಿಸಿದವರು' ಎಂಬುದೊಂದು. 'ಎಣ್ಣೆಯ ಮಾದರಿ ತಯಾರಿಸಿದವರು' ಎಂಬುದು ಇನ್ನೊಂದು. ಮೂವತ್ತು ವರ್ಷ ಆ ಹಾಳೆಗಳ ನಡುವೆ ಗಾಜು ತೊಳೆದಿದ್ದೆ, ಆ ಎರಡನೆಯ ಗೆರೆಯನ್ನು ಓದಿರಲಿಲ್ಲ.

"ಎಣ್ಣೆ ಹಿಂಡಿದ್ದು ಯಾರು?" ಎಂದಳು.

"ನಾನು."

"ಹನ್ನೊಂದು ವರ್ಷಾನೂ?"

"ಇನ್ಯಾರು?"

ಅವಳು ಪೆನ್ನು ಕೊಟ್ಟಳು. ಫೋರ್ತುನಾತಾ ಮಲಾರ ಎಂದು ಹನ್ನೊಂದು ಸಲ ಬರೆದೆ. ಏಳನೆಯದರಲ್ಲಿ ಶಾಯಿ ಹರಡಿತು. ಮೇಲಿನ ಗೆರೆ ಖಾಲಿಯೇ ಉಳಿಯಿತು. ಅದರಲ್ಲಿ ನಾನು ಬರೆಯುವಂತಿಲ್ಲ.

ಮಾವ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡ. ನನ್ನ ಹೆಸರಿನ ಮೇಲೆ ಹೆಬ್ಬೆರಳು ಸವರಿದ. ಚೀಲದಲ್ಲಿ ಮೂಗೇಟಿನ ಹಣ್ಣು ಯಾವತ್ತಾದರೂ ಬಂದಿತ್ತಾ ಎಂದು ಕೇಳಿದ. ಇಲ್ಲ ಮಾವ, ಒಂದೂ ಇಲ್ಲ ಎಂದೆ.

"ಇರಲ್ಲ. ಇವಳಿಗೆ ಏಣಿ ಹತ್ತೋಕೆ ಭಯ. ನಾನೇ ಹತ್ತಿ ಆರಿಸ್ತಿದ್ದೆ."

ಸಾಂತಿನಾ ಅಪ್ಪನನ್ನೇ ನೋಡಿದಳು. ಅವನು ಗೇಟಿನ ಹೊರಗೆ, ಇವನು ಏಣಿಯ ಮೇಲೆ. ಹತ್ತೊಂಬತ್ತು ನವೆಂಬರ್. ನನಗೆ ಸಿಟ್ಟು ಬಂತು. ಇಬ್ಬರ ಮೇಲೂ. ಅಳುವೂ ಬಂತು, ತಡೆದುಕೊಂಡೆ.

"ನನ್ನ ಬೂಟು ತಾ," ಎಂದ ಮಾವ ಮಗಳಿಗೆ.

ಕಾಫಿ ಅಂಗಡಿಗೆ ನೂರು ಹೆಜ್ಜೆ. ನಾವು ಅರ್ಧ ಗಂಟೆ ನಡೆದೆವು. ಒಂದು ತೋಳು ಮಗಳ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಒಳಗೆ ಹೋದಾಗ ಇಸ್ಪೀಟಿನ ಕೈಗಳು ನಿಂತವು. ಕ್ಷೌರಿಕ ಚಿಚ್ಚೊ ಗೋಡೆಯ ಪಕ್ಕದಲ್ಲೇ ಇದ್ದ. ಅವನಿಗೂ ಹಲ್ಲು ಹೋಗಿದ್ದವು. ಎದ್ದು ಕುರ್ಚಿ ಕೊಟ್ಟ. ಮಾವ ಕೂತ. ಹಾಳೆಗಳನ್ನು ಚಿಚ್ಚೊನ ಇಸ್ಪೀಟಿನ ಮೇಲೆ ಇಟ್ಟ.

"ಓದು. ಗಟ್ಟಿಯಾಗಿ ಓದು. ನಿನ್ನ ಬಾಯಲ್ಲೇ ಕೇಳಬೇಕು ನಂಗೆ."

ಚಿಚ್ಚೊ ಕನ್ನಡಕ ಹುಡುಕಿ ಹಾಕಿಕೊಂಡ. ಒಂದು ಹಾಳೆ ಓದಿದ. ಅಂಕಿಗಳಲ್ಲಿ ತಡವರಿಸಿದ, ಕೊನೆಯ ಸಾಲನ್ನು ಸರಿಯಾಗಿ ಓದಿದ. ಹಾಳೆ ತಿರುಗಿಸಿ ನೋಡಿದ.

"ಡಾಕ್ಟ್ರ ಸಹಿ ಇಲ್ವಲ್ಲ ಮಾವ."

"ಅವರು ಇಷ್ಟು ವರ್ಷ ಗೇಟಲ್ಲಿ ನಿಂತಿದ್ದು ನಿಂಗೆ ಕಾಣ್ಲಿಲ್ವಾ? ನಾಯಿ ಸಾಕಲ್ವಾ ಅಂತ ಕೇಳ್ದೋನು ನೀನೇ ತಾನೇ?"

ಚಿಚ್ಚೊ ಹಾಳೆ ಕೆಳಗಿಟ್ಟ. ಅಂಗಡಿಯವನು ಬಂದು ಏನು ಕೊಡಲಿ ಮಾವ ಎಂದು ಮೆಲ್ಲಗೆ ಕೇಳಿದ.

"ಬಾರ್ಲಿ," ಎಂದ ಲೆಯೊ ಮಾವ. "ಬರೀ ಬಾರ್ಲಿ. ಕಾಫಿ ಕುಡಿಯಬಾರದು ಅಂದಿದಾರೆ, ಎದೆಗೆ ಆಗಲ್ಲ."

ಮೊದಲು ನಕ್ಕವನು ಮಾವನೇ. ಆಮೇಲೆ ಎಲ್ಲರೂ.

ನಾನು ನಗಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದೆ. ಎರಡು ಗುಟುಕು ಕುಡಿದು ಹೊರಗೆ ಹೋಗಿ ಬರುವವನು ಒಬ್ಬ ಅಲ್ಲಿ ಇರಬೇಕಿತ್ತು. ಐದೂವರೆಯ ಬಸ್ಸು ತಪ್ಪಿತು. ಮುಂದಿನದಕ್ಕೆ ರಸ್ತೆಯಲ್ಲಿ ಆ ಕಡೆ ಈ ಕಡೆ ನಡೆಯುತ್ತಾ ಕಾದೆ.

ಹನ್ನೆರಡನೆಯ ಹಾಳೆಗೆ ಆಗಬೇಕಾದ ಬಾಟಲಿ ಕಿಟಕಿಯಲ್ಲೇ ಇತ್ತು. ಬಿಸಿಲಿಗೆ ಇಡಬಾರದು ಎಂದು ನಿನ್ನೆ ನೆನಪಾಗಿ ಕಪಾಟಿಗೆ ಇಟ್ಟೆ. ನಿರ್ದೇಶಕಿ ಫೋನು ಮಾಡಿದ್ದಳು, ತನ್ನಿ, ನಾನೇ ನೋಡ್ತೀನಿ, ನಾನೇ ಸಹಿ ಹಾಕ್ತೀನಿ ಎಂದಳು. ಸೋಮವಾರ ಹೋಗುತ್ತೇನೆ. ಸೋಮವಾರಕ್ಕೆ ಇನ್ನೂ ಮೂರು ದಿನ. ಎರಡು ಹಣ್ಣು ಮಾಗಿ ಹಳದಿ ತಿರುಗಿದ್ದವು, ಅವನ್ನು ಬಿಟ್ಟು ಹಿಂಡಬೇಕಿತ್ತೇನೋ.